ಅಪ್‌ಡೇಟ್: ಕಲಹಾರಿಗೆ ಹೋಗಿ ಬಂದೆವು

ಜುಲೈನಲ್ಲಿ ದಕ್ಷಿಣ ಆಫ್ರಿಕಾ ಭಾಗದ ಬೋಟ್ಸ್ವಾನಾ ದೇಶದ ಕಲಹಾರಿ ಮರುಭೂಮಿಯ ಸಫಾರಿ ಲಾಡ್ಜ್‌ಗೆ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೆ ಅಲ್ವಾ? ಹೋಗಿ ಬಂದೆವು. ಸ್ವೆಟರ್ ಜಾಸ್ತಿ ಇರಲಿ ಅಂದವರಿಗೆ ಥ್ಯಾಂಕ್ಸ್. ಅಲ್ಲಿ ಜುಲೈ ಅಂದರೆ ಚಳಿಗಾಲ, ಬೆಳಗಿನ ಜಾವ ಬಕೆಟ್ ನೀರಿನ ಮೇಲೆ ಮಂಜುಗಡ್ಡೆಯ ಪದರ!

ಕಪ್ಪು ಕೇಸರದ ಸಿಂಹ ಒಂದೇ ಸಲ ಕಂಡಿತು, ಅದೂ ದೂರದಲ್ಲಿ. ಓರಿಕ್ಸ್ (ಉದ್ದ ಕೊಂಬಿನ ಜಿಂಕೆಯಂಥ ಪ್ರಾಣಿ) ಬೇಕಾದಷ್ಟು.

ಮನಸ್ಸಲ್ಲಿ ಉಳಿದದ್ದು ಅಲ್ಲಿನ ಮೂಲನಿವಾಸಿಗಳಾದ ಸಾನ್ ಜನರ ಜೊತೆ ನಡೆದಾಡಿದ್ದು. ಒಬ್ಬ ಅಜ್ಜಿ ಒಣಗಿದ ಬಳ್ಳಿಯೊಂದನ್ನು ನೋಡಿ ಕೋಲಿನಿಂದ ಮರಳು ಅಗೆದರು. ತೆಂಗಿನಕಾಯಿ ಗಾತ್ರದ ಗೆಡ್ಡೆ! ಕೆರೆದು, ಮುಷ್ಟಿಯಲ್ಲಿ ಹಿಂಡಿ, ಹೆಬ್ಬೆರಳಿನ ತುದಿಯಿಂದ ನೀರು ಬಾಯಿಗೆ ಬಿಟ್ಟುಕೊಂಡರು. ಅಮ್ಮನೂ ರುಚಿ ನೋಡಿದರು. ಹಾಗಲಕಾಯಿಯೇ ವಾಸಿಯಂತೆ.

ವಾಕ್ ಮುಗಿದ ಮೇಲೆ ಅಜ್ಜಿ ಚರ್ಮದ ಉಡುಗೆ ಬಿಚ್ಚಿಟ್ಟು ಸ್ವೆಟರ್ ಹಾಕಿಕೊಂಡರು. ಆ ಉಡುಗೆ ನಮ್ಮಂಥ ಪ್ರವಾಸಿಗರಿಗಾಗಿ ಅನ್ನಿಸಿ ನನಗೆ ಸ್ವಲ್ಪ ಮುಜುಗರ ಆಯಿತು. ಅದೂ ಅಲ್ಲದೆ, ಸಾನ್ ಜನರನ್ನು ಅಲ್ಲಿನ ಅಭಯಾರಣ್ಯದಿಂದ ಎಬ್ಬಿಸಿದ್ದು ತಪ್ಪು ಅಂತ 2006ರಲ್ಲಿ ಬೋಟ್ಸ್ವಾನಾದ ಹೈಕೋರ್ಟೇ ಹೇಳಿದೆ.