ಸಹಾಯ ಬೇಕು: ಕೂಸಿನ ಕಕೂನ್‌ಗೆ ಹಾಕಿದ ಎಸಳು ಒಳಗೆ ಸುತ್ತಿಕೊಳ್ಳುತ್ತಿವೆ
ಅಕ್ಕಂದಿರೇ, ವಿಜಯಪುರದಿಂದ ಬರೆಯುತ್ತಿದ್ದೇನೆ. ತಂಗಿಗೆ ಹೆಣ್ಣು ಕೂಸು ಹುಟ್ಟಿ ಐದು ದಿನ ಆಯಿತು. ತೊಟ್ಟಿಲಿಗೆ ಹಾಕುವ ದಿನ ಫೋಟೋ ತೆಗೆಸಲು ಕ್ರೋಶೆಯಲ್ಲಿ ಕಕೂನ್ ಹೆಣೆಯುತ್ತಿದ್ದೇನೆ. ಅದೇ, ಕೂಸನ್ನು ಎದೆವರೆಗೆ ಒಳಗೆ ಮಲಗಿಸುವ ಚೀಲ, ಬಾಯಿಯ ಸುತ್ತ ಸೂರ್ಯಕಾಂತಿ ಎಸಳು. ಕುಲಾವಿ ಎಷ್ಟೋ ಹೆಣೆದಿದ್ದೇನೆ, ಇದು ಮಾತ್ರ ಮೊದಲ ಸಲ.

ಮೆತ್ತಗಿನ ಅಕ್ರಿಲಿಕ್ ಉಲ್ಲನ್, 4 ಮಿ.ಮೀ. ಕಡ್ಡಿ. ತಳಕ್ಕೆ 12 ಡಬಲ್ ಕ್ರೋಶೆಯಿಂದ (ಉದ್ದ ಸ್ಟಿಚ್) ಶುರು ಮಾಡಿ, ಸುತ್ತಿಗೆ 12ರಂತೆ ಹೆಚ್ಚಿಸಿ 72ಕ್ಕೆ ನಿಲ್ಲಿಸಿದೆ, ಆಮೇಲೆ ಹೆಚ್ಚಿಸದೆ ನೇರವಾಗಿ ಮೇಲಕ್ಕೆ ಹೆಣೆದೆ. ಅಲ್ಲಿವರೆಗೆ ಚೆನ್ನಾಗಿಯೇ ಬಂತು. ಬಾಯಿಗೆ 6 ಸ್ಟಿಚ್‌ಗೆ ಒಂದರಂತೆ 12 ಎಸಳು ಹಾಕಿದರೆ ಎಲ್ಲಾ ಒಳಗೆ ಸುರುಳಿ ಸುತ್ತಿ ಕೂಸಿನ ಗದ್ದಕ್ಕೆ ತಾಗುವ ಹಾಗಿವೆ. ಬಿಚ್ಚಿ ದಪ್ಪ ಕಡ್ಡಿಯಲ್ಲಿ ಹಾಕಿದೆ, ಜೋತು ಬಿದ್ದವು. ಒಂದು ತುಣುಕಿಗೆ ಇಸ್ತ್ರಿಯ ಹಬೆ ಕೊಟ್ಟು ನೋಡಿದೆ, ಅಕ್ರಿಲಿಕ್ ಅಲ್ವಾ, ಇದ್ದ ಬಿಗಿಯೂ ಹೋಯಿತು. ಅವ್ವ ಗಂಜಿ ಹಾಕು ಅಂದಳು, ಎಳೆ ಚರ್ಮಕ್ಕೆ ಚುಚ್ಚುತ್ತದೆ ಅಂತ ನನಗೇ ಮನಸ್ಸು ಒಪ್ಪಲಿಲ್ಲ. ತಂತಿ ಅಂತೂ ಬೇಡವೇ ಬೇಡ.

ಎಸಳು ಹೊರಗೆ ಅರಳಿ ನಿಲ್ಲಬೇಕೆಂದರೆ ಅಂಚಿಗೆ ಒಂದು ಸುತ್ತು ಸಿಂಗಲ್ ಕ್ರೋಶೆ (ಗಿಡ್ಡ ಸ್ಟಿಚ್) ಹಾಕಬೇಕಾ, ಇಲ್ಲಾ ಎಸಳಿನಲ್ಲೇ ಸ್ಟಿಚ್ ಜಾಸ್ತಿ ಮಾಡಬೇಕಾ? ಜಾಸ್ತಿ ಮಾಡುವುದಾದರೆ ಒಂದು ಎಸಳಿಗೆ ಎಷ್ಟು? ತೊಟ್ಟಿಲಿಗೆ ಇನ್ನು ಎಂಟೇ ದಿನ ಇದೆ, ಮಾಡಿ ನೋಡಿದವರು ದಯವಿಟ್ಟು ಹೇಳಿ.