ಫೈನಲ್ ಫ್ಯಾಂಟಸಿ: ಯಾವುದರಿಂದ ಶುರು ಮಾಡಲಿ?

ಹೊಸಬ: 1987ರಿಂದ ಬರುತ್ತಿರುವ ವಿಡಿಯೋ ಗೇಮ್ ಸರಣಿ, ನಂಬರ್ 16ರವರೆಗೆ ಬಂದಿದೆ. ಎಲ್ಲಾ ಮೊದಲಿನಿಂದ ಆಡಲೇಬೇಕಾ? ನನ್ನ ಹತ್ತಿರ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಇದೆ. ನಿಧಾನವಾಗಿ ಯೋಚಿಸಿ ಆಡುವುದು ಇಷ್ಟ.

ರಾತ್ರಿಗೂಬೆ: ಬೇಡ ಗುರು. ಒಂದೊಂದು ನಂಬರಿಗೂ ಬೇರೆ ಕಥೆ, ಬೇರೆ ಲೋಕ. ನಿಮಗೆ 10 ಸರಿ. ಹೊಡೆದಾಟ ಸರದಿ ಪ್ರಕಾರ ನಡೆಯುತ್ತದೆ, ಮುಂದೆ ಯಾರ ಸರದಿ ಅಂತ ಪರದೆಯ ಮೂಲೆಯಲ್ಲೇ ಕಾಣುತ್ತದೆ, ಮಧ್ಯದಲ್ಲೇ ತಂಡದವರನ್ನು ಬದಲಾಯಿಸಲೂಬಹುದು, ಹಾಗಾಗಿ ಟೀ ಕುಡಿಯುತ್ತಾ ಲೆಕ್ಕ ಹಾಕಿ ಆಡಬಹುದು. ಅದರೊಳಗೆ ಬರುವ ಬ್ಲಿಟ್ಜ್‌ಬಾಲ್ ಅನ್ನೋ ನೀರೊಳಗಿನ ಚೆಂಡಾಟ ಮಾತ್ರ ನನಗೆ ತಲೆನೋವು.

ಹರಟೆಕಟ್ಟೆ: ನಾನು 1997ರ 7 ಅಂತೀನಿ. ಸುಮ್ನೆ ಗ್ರಾಫಿಕ್ಸ್ ನೋಡಿ 2020ರ ರೀಮೇಕ್‌ಗೆ ಹಾರಬೇಡಿ. ಅದರ ಕಥೆ ಮಿಡ್ಗಾರ್ ನಗರದ ಭಾಗಕ್ಕೇ ಮುಗಿಯುತ್ತದೆ, ಮೂಲ ಆಡಿದವರಿಗೇ ಮಜಾ ಜಾಸ್ತಿ.

ರಾತ್ರಿಗೂಬೆ: ಅದೂ ಸರಿ. 11, 14 ಆನ್‌ಲೈನ್ ಆಟಗಳು, ಸದ್ಯಕ್ಕೆ ಬಿಡಿ. 16 ಪೂರ್ತಿ ಆಕ್ಷನ್, ಪಿಎಸ್4ಗೆ ಬಂದೂ ಇಲ್ಲ.

ಹೊಸಬ: ಹಾಗಾದ್ರೆ 10 ತಗೊಳ್ತೀನಿ.