ಕಾಲೇಜಿನ ಚಾಪೆಲ್‌ಗೆ ಕನ್ನಡದಲ್ಲಿ ಏನೆಂದು ಬರೆಯೋಣ? ಕಾನ್ವೆಂಟ್, ಗ್ರೊಟ್ಟೊ, ಕ್ವಾಡ್‌ಗಳಿಗೆ?

ಗೆಳೆಯರೇ, ಬೆಂಗಳೂರಿನ ಒಂದು ಕ್ರೈಸ್ತ ಕಾಲೇಜಿನ ಆವರಣಕ್ಕೆ ಕನ್ನಡ ಬೋರ್ಡು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಂದ ಮೇಲೆ ಊರಲ್ಲೆಲ್ಲ ಬೋರ್ಡು ಬದಲಾದವಲ್ಲ, ಇವರು ಒಳಗಿನ ಕಟ್ಟಡಗಳಿಗೂ ಕನ್ನಡದ ಹೆಸರು ಬೇಕು ಎಂದು ತಾವಾಗಿಯೇ ಕೇಳಿದ್ದಾರೆ. ಗ್ರಂಥಾಲಯ, ಪ್ರಯೋಗಾಲಯ, ಪ್ರಾಂಶುಪಾಲರ ಕೊಠಡಿ, ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕ್ಯಾಂಟೀನ್ ಕ್ಯಾಂಟೀನೇ. ತೊಡಕಿರುವುದು ಉಳಿದವುಗಳಲ್ಲಿ.

ಮೊದಲು ಚಾಪೆಲ್. ಕೈಗೆ ಬಂದ ಕರಡಿನಲ್ಲಿ ‘ಪ್ರಾರ್ಥನಾ ಮಂದಿರ’ ಎಂದಿದೆ. ಕೇಳಲು ಚೆನ್ನಾಗಿದೆ. ಆದರೆ ಕಥೋಲಿಕರು ಈಗ ಓದುವ ಕನ್ನಡ ಬೈಬಲ್‌ನಲ್ಲಿ ಪ್ರಾರ್ಥನಾಮಂದಿರ ಎಂದರೆ ಯೆಹೂದ್ಯರು ಪ್ರಾರ್ಥನೆಗೆ ಸೇರುವ ಸಿನಗಾಗ್. ಹಳೆಯ ಪ್ರಾಟೆಸ್ಟೆಂಟ್ ಅನುವಾದದಲ್ಲಿ ಅದೇ ಜಾಗಕ್ಕೆ ‘ಸಭಾಮಂದಿರ’ ಎಂದಿದೆ. ಬೈಬಲ್ ಓದಿಕೊಂಡ ವಿದ್ಯಾರ್ಥಿಗೆ ಈ ಬೋರ್ಡು ಬೇರೆಯದೇ ನೆನಪು ತರುತ್ತದೆ. ಸರಿ, ‘ದೇವಾಲಯ’ ಎನ್ನೋಣ ಅಂದರೆ, ಕನ್ನಡ ಕಥೋಲಿಕರು ಚರ್ಚಿಗೇ ಆ ಮಾತು ಬಳಸುತ್ತಾರೆ. ಅದಕ್ಕೊಂದು ಧರ್ಮಕೇಂದ್ರ (ಪ್ಯಾರಿಷ್), ಅದಕ್ಕೆ ಸೇರಿದ ಮನೆಗಳು, ಜ್ಞಾನಸ್ನಾನ ಮತ್ತು ಮದುವೆಗಳನ್ನು ಬರೆದಿಡುವ ಪುಸ್ತಕ ಎಲ್ಲ ಇರುತ್ತದೆ. ಚಾಪೆಲ್ ಹಾಗಲ್ಲ. ಅದು ಒಂದು ಸಂಸ್ಥೆಯ ಒಳಗೆ, ಅಲ್ಲಿರುವವರಿಗಾಗಿ ಇರುವ ಪೂಜೆಯ ಜಾಗ. ಕರಾವಳಿಯ ‘ಇಗರ್ಜಿ’ ಕೂಡ ಒಗ್ಗುವುದಿಲ್ಲ, ಪೋರ್ಚುಗೀಸರ ಬಾಯಿಂದ ಬಂದ ಆ ಮಾತಿಗೂ ಚರ್ಚು ಎಂದೇ ಅರ್ಥ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಗೋಡೆ, ಸೂರಿನ ತುಂಬ ಇಟಲಿಯ ಕಲಾವಿದ ಮೊಸ್ಕೇನಿ ಬರೆದ ಚಿತ್ರಗಳಿರುವ ಕಟ್ಟಡವನ್ನು ನಾವೆಲ್ಲ ಚಾಪೆಲ್ ಎಂದೇ ಕರೆಯುತ್ತೇವೆ ಅಲ್ವಾ? ಲ್ಯಾಟಿನ್‌ನಲ್ಲಿ ಆ ಪದಕ್ಕೆ ಸಣ್ಣ ಮೇಲುಹೊದಿಕೆ ಎಂದು ಅರ್ಥವಿತ್ತು. ಸಂತ ಮಾರ್ಟಿನರ ಹೊದಿಕೆಯನ್ನು ಕಾಪಾಡಿ ಇಟ್ಟ ಜಾಗಕ್ಕೆ ಆ ಹೆಸರು ಬಂದು, ಆಮೇಲೆ ಅದೇ ಊರೂರು ಸುತ್ತಿತು. ದಾರಿಯಲ್ಲಿ ಸಿಕ್ಕ ಎಷ್ಟೋ ಭಾಷೆಯವರು ಅದನ್ನು ಅನುವಾದಿಸದೆ ಹಾಗೇ ಇಟ್ಟುಕೊಂಡರು. ಕನ್ನಡದಲ್ಲೂ ಚಾಪೆಲ್ ಇರಲಿ ಅನ್ನುವುದು ನನ್ನ ಮಾತು.

ಕಾನ್ವೆಂಟ್ ವಿಚಾರದಲ್ಲಿ ಮಾತ್ರ ನನ್ನ ಅಭಿಪ್ರಾಯ ತಿರುಗುಮುರುಗು. ಆವರಣದ ಹಿಂದೆ ಸಿಸ್ಟರ್‌ಗಳು ಇರುವ ಮನೆಗೆ ‘ಕಾನ್ವೆಂಟ್’ ಎಂದು ಬರೆದರೆ ಬೆಂಗಳೂರಿನ ಯಾವ ತಾಯಿಯೂ ಅದನ್ನು ಇಂಗ್ಲಿಷ್ ಮೀಡಿಯಂ ಶಾಲೆ ಎಂದೇ ಓದುತ್ತಾಳೆ. ‘ಮಗೂನ ಕಾನ್ವೆಂಟಿಗೆ ಸೇರಿಸಿದ್ವಿ’ ಅನ್ನುವಾಗ ಅಲ್ಲಿ ಒಬ್ಬ ಸನ್ಯಾಸಿನಿಯೂ ಇರಬೇಕಿಲ್ಲ, ಗಲ್ಲಿಯ ಕೊನೆಯ ಎರಡು ಕೋಣೆಯ ನರ್ಸರಿಯಾದರೂ ಸಾಕು. ಸಿಸ್ಟರ್‌ಗಳು ಶಾಲೆ ನಡೆಸಿದರು, ಅವರ ಮನೆಯ ಹೆಸರು ಶಾಲೆಗೆ ಅಂಟಿತು, ಆಮೇಲೆ ಮನೆಯ ಅರ್ಥವೇ ಜಾರಿಹೋಯಿತು. ಇದು ಕನ್ನಡಕ್ಕೆ ಹೊಸ ದಾರಿಯೇನೂ ಅಲ್ಲ. ನಮ್ಮ ‘ಮಠ’ವೂ ಹೀಗೇ ನಡೆದಿದೆ. ಐಗಳು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದ ಹಳ್ಳಿಯ ಶಾಲೆಗೆ ಕೂಲಿಮಠ ಎನ್ನುತ್ತಿದ್ದರು, ಅಲ್ಲಿ ಸ್ವಾಮಿಗಳು ಇರಬೇಕೆಂದೇನೂ ಇರಲಿಲ್ಲ. ಹಾಗಾಗಿ ಸಿಸ್ಟರ್‌ಗಳ ಮನೆಗೆ ‘ಕನ್ಯಾಮಠ’ ಎಂದೇ ಬರೆಯಬೇಕು ಅನ್ನಿಸುತ್ತದೆ. ಇದು ನಾನು ಕಟ್ಟಿದ ಪದವಲ್ಲ, ಕನ್ನಡ ಕಥೋಲಿಕರು ಬಳಸುತ್ತಲೇ ಬಂದಿರುವುದು. ಪಾದ್ರಿಗಳಾಗುವವರು ಓದುವ ಸೆಮಿನರಿಗೂ ಅವರು ‘ಗುರುಮಠ’ ಎನ್ನುತ್ತಾರೆ. ಇಷ್ಟು ಒಳ್ಳೆಯ ಪದಗಳು ಒಂದು ಸಮುದಾಯದ ಒಳಗೇ ಉಳಿದು, ಹೊರಗಿನ ಕನ್ನಡಿಗರಿಗೆ ಗೊತ್ತೇ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರದ ವಿಷಯ. ನಿಘಂಟು ಮಾಡುವವರು ಇಂಥವನ್ನು ಕೇಳಿ ಬರೆದುಕೊಳ್ಳಬೇಕು.

ಗ್ರೊಟ್ಟೊಗೆ ಕರಡಿನಲ್ಲಿ ‘ಗುಹೆ’ ಎಂದಿದೆ. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಬರ್ನಡೆಟ್ ಎಂಬ ಹುಡುಗಿಗೆ ಮರಿಯಮ್ಮನ ದರ್ಶನವಾದ ಬಂಡೆಯ ಪೊಟರೆಯನ್ನು ಹೋಲುವಂತೆ ಕಲ್ಲು ಜೋಡಿಸಿ ಕಟ್ಟುವುದು ಅದು. ಗುಹೆ ಎಂದರೆ ಹುಲಿ, ಕರಡಿ ಕಣ್ಣಿಗೆ ಬರುತ್ತವೆ. ‘ಗವಿ’ ಎನ್ನಿ, ಆಗ ದೇವರು ಇರುವ ಜಾಗ ಎನಿಸುತ್ತದೆ. ಗವಿಪುರದ ಗವಿ ಗಂಗಾಧರೇಶ್ವರನನ್ನು ಬೆಂಗಳೂರಿನವರಿಗೆ ಹೇಳಿಕೊಡಬೇಕೇ? ಕೊಪ್ಪಳದಲ್ಲಿ ಗವಿಮಠವೇ ಇದೆ. ‘ಲೂರ್ದು ಮಾತೆಯ ಗವಿ’ ಎಂದು ಬರೆದರೆ ಯಾವ ಧರ್ಮದ ಹುಡುಗ ಓದಿದರೂ ಚಪ್ಪಲಿ ಬಿಟ್ಟು ನಿಲ್ಲುತ್ತಾನೆ.

ಇನ್ನು ಆಡಿಟೋರಿಯಂ. ಸಭಾಂಗಣ ಎಂದು ಬರೆದರೆ ಸಾಕು ಎನ್ನುವಷ್ಟರಲ್ಲಿ ‘ಸಭೆ’ ಅಡ್ಡ ಬರುತ್ತದೆ. ಪ್ರಾಟೆಸ್ಟೆಂಟರಲ್ಲಿ ಸಭೆ ಎಂದರೆ ಚರ್ಚಿನ ಭಕ್ತರ ಸಮೂಹ, ಸಭಾಪಾಲಕ ಎಂದರೆ ಅದರ ಪಾಸ್ಟರ್. ಕಥೋಲಿಕರಲ್ಲಿ ಇಡೀ ಚರ್ಚಿಗೆ ಧರ್ಮಸಭೆ, ಅದರೊಳಗಿನ ಜೆಸ್ವಿಟರು ಎಂಬ ಸನ್ಯಾಸಿಗಳ ಸಂಘಕ್ಕೆ ಯೇಸುಸಭೆ. ಬೆಂಗಳೂರಿನ ಸಂತ ಜೋಸೆಫರ ಕಾಲೇಜನ್ನು 1882ರಲ್ಲಿ ಶುರುಮಾಡಿದವರು ಫ್ರೆಂಚ್ ಮಿಷನರಿಗಳು, 1937ರಲ್ಲಿ ಅದು ಯೇಸುಸಭೆಗೆ ಬಂತು ಎಂದು ಬರೆದರೆ, ಒಳಗಿನವರಿಗೆ ಸರಿಯಾಗಿ ತಿಳಿಯುತ್ತದೆ, ಹೊರಗಿನವರು ಯಾವ ಮೀಟಿಂಗು ಎಂದು ಕೇಳಬಹುದು. ಸಭಾಂಗಣದಲ್ಲಿ ಅಂಗಣ ಸೇರಿರುವುದರಿಂದ ಗೊಂದಲ ಆಗದು ಎಂದುಕೊಂಡು ಅದನ್ನು ಹಾಗೇ ಬಿಟ್ಟಿದ್ದೇನೆ. ಆದರೆ ‘ಸಭಾಪಾಲಕರ ಕೊಠಡಿ’ ಎಂಬ ಬೋರ್ಡನ್ನು ಹೊಸ ವಿದ್ಯಾರ್ಥಿ ಹೇಗೆ ಓದುತ್ತಾನೆ ಅನ್ನುವ ಅನುಮಾನ ಉಳಿದಿದೆ.

ಕ್ವಾಡ್ರ್ಯಾಂಗಲ್‌ಗೆ ‘ಒಳಾಂಗಣ’ ಬೇಡ, ಅದು ಈಗ ಸೂರಿನಡಿಯ ಕ್ರೀಡಾಂಗಣಕ್ಕೆ ಮೀಸಲಾಗಿದೆ, ಇದೋ ನಾಲ್ಕೂ ಕಡೆಯ ಕಟ್ಟಡಗಳ ನಡುವೆ ಆಕಾಶಕ್ಕೆ ತೆರೆದ ಜಾಗ. ತೊಟ್ಟಿಮನೆಯ ‘ತೊಟ್ಟಿ’ ನನಗೆ ತುಂಬ ಇಷ್ಟ, ಆದರೆ ಸುಮ್ನೆ ತೊಟ್ಟಿ ಎಂದು ಬರೆದರೆ ಕಸ ಹಾಕುತ್ತಾರೆ. ಸದ್ಯಕ್ಕೆ ‘ನಡುವಂಗಳ’ ಎಂದು ಬರೆದಿದ್ದೇನೆ.

ನಿಮ್ಮಿಂದ ಎರಡು ವಿಷಯ ತಿಳಿಯಬೇಕು. ‘ಕನ್ಯಾಮಠ’ ಎಂದು ಬೋರ್ಡು ಹಾಕಿರುವ ಕಾಲೇಜನ್ನೋ ಆಸ್ಪತ್ರೆಯನ್ನೋ ಯಾರಾದರೂ ನೋಡಿದ್ದೀರಾ, ಅಲ್ಲಿನ ಸಿಸ್ಟರ್‌ಗಳು ಮಾತಿನಲ್ಲೂ ಹಾಗೇ ಅನ್ನುತ್ತಾರಾ? ಹಾಗೆಯೇ, ಪ್ರಾಟೆಸ್ಟೆಂಟರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಅಥವಾ ಮೆಥೊಡಿಸ್ಟ್ ಕಡೆಯ ಕನ್ನಡಿಗರು ಕಾಲೇಜಿನ ಒಳಗಿನ ಚಾಪೆಲನ್ನು ಮನೆಮಾತಿನಲ್ಲಿ ಏನೆಂದು ಕರೆಯುತ್ತಾರೆ? ಪೇಂಟರ್ ಕೈಗೆ ಕೊಡುವ ಮೊದಲು ಕರಡು ತಿದ್ದಲು ಇನ್ನೂ ಸಮಯವಿದೆ.